ಚಂದಾ ಹಣದ ಮೇಲೆ ನಿಂತ ಕ್ರೀಡಾ ಪತ್ರಿಕೋದ್ಯಮ ಮತ್ತು ಉದ್ಯೋಗ ಕಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕನ್ನಡ ಪತ್ರಿಕೆಯೊಂದರ ಕ್ರೀಡಾ ಡೆಸ್ಕಿನಲ್ಲಿ ಬಹುಕಾಲ ಕೆಲಸ ಮಾಡಿದವನು. ಅಮೆರಿಕದ ದೊಡ್ಡ ಪತ್ರಿಕೆಯೊಂದು ತನ್ನ ಕ್ರೀಡಾ ವಿಭಾಗವನ್ನು ಮುಚ್ಚಿತು ಎಂಬ ಸುದ್ದಿ ಬಂದಾಗಲೆಲ್ಲ ಹಳೆಯ ಓದುಗರು, ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಅಲ್ಲಿ ನೆಲೆಸಿರುವ ನೆಂಟರಿಷ್ಟರು ಏನಾದರೊಂದು ಪ್ರಶ್ನೆ ಕೇಳುತ್ತಾರೆ. ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭವಾದವುಗಳಿಂದ ಆರಂಭಿಸಿ ಉತ್ತರಿಸಿದ್ದೇನೆ.

## ಮೊದಲ ಪ್ರಶ್ನೆಗಳು

ಸ್ಕೋರು, ಸುದ್ದಿ ಎಲ್ಲವೂ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಆಟದ ಸುದ್ದಿಗೆ ದುಡ್ಡು ಕೊಡುವವರು ಯಾರು?

ಸ್ಕೋರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ತಮ್ಮ ತಂಡದ ನಾಯಕನನ್ನು ಏಕೆ ಕೈಬಿಟ್ಟರು, ಗಾಯಗೊಂಡ ಆಟಗಾರ ನಿಜಕ್ಕೂ ಯಾವಾಗ ಮರಳುತ್ತಾನೆ, ಮಾಲೀಕರಿಗೂ ಕೋಚ್‌ಗೂ ನಡುವೆ ಏನಾಗಿದೆ ಎಂಬುದನ್ನು ಬಲ್ಲವರಿಂದ ತಿಳಿಯಬೇಕು ಎನ್ನುವ ಅಭಿಮಾನಿಗಳು ಕೊಡುತ್ತಾರೆ. ಅಂಥವರು ಸಾಕಷ್ಟಿದ್ದಾರೆ ಎಂಬ ನಂಬಿಕೆಯ ಮೇಲೆಯೇ 2016ರ ಜನವರಿಯಲ್ಲಿ ಶಿಕಾಗೋದಲ್ಲಿ 'ದಿ ಅಥ್ಲೆಟಿಕ್' ಎಂಬ ಕ್ರೀಡಾ ಜಾಲತಾಣ ಶುರುವಾಯಿತು. ಸ್ಥಾಪಕರಾದ ಅಲೆಕ್ಸ್ ಮ್ಯಾಥರ್ ಮತ್ತು ಆಡಮ್ ಹ್ಯಾನ್ಸ್‌ಮನ್ ಇಬ್ಬರೂ ಓಟ ಮತ್ತು ಸೈಕ್ಲಿಂಗ್ ದಾಖಲಿಸುವ ಸ್ಟ್ರಾವಾ ಕಂಪನಿಯಲ್ಲಿ ಇದ್ದವರು. ಜಾಹೀರಾತು ಇರುವುದಿಲ್ಲ, ಪಾಪ್‌ಅಪ್ ಕಾಟ ಇರುವುದಿಲ್ಲ, ವರ್ಷಕ್ಕೆ ಸುಮಾರು 60 ಡಾಲರ್ ಕೊಟ್ಟರೆ ನಿಮ್ಮ ತಂಡದ ಬಗ್ಗೆ ಬರೆಯಲೆಂದೇ ಒಬ್ಬರು ಇರುತ್ತಾರೆ ಎಂಬುದು ಅವರು ಓದುಗರಿಗೆ ಕೊಟ್ಟ ಮಾತು. 2020ರ ಸೆಪ್ಟೆಂಬರ್ ಹೊತ್ತಿಗೆ ಚಂದಾದಾರರ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಹಾಗಾಗಿ ಆಟದ ಬರಹಕ್ಕೆ ಜನ ದುಡ್ಡು ಕೊಡುವುದೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಬೀಟ್ ವರದಿಗಾರ ಎಂದರೇನು? ಟಿವಿಯಲ್ಲಿ ಪಂದ್ಯ ನೋಡಿ ಬರೆದರೆ ಸಾಲದೇ?

ಒಂದೇ ತಂಡವನ್ನು ಅಥವಾ ಒಂದೇ ಕ್ರೀಡೆಯನ್ನು ವರ್ಷವಿಡೀ ಬೆನ್ನುಹತ್ತುವವರನ್ನು ಬೀಟ್ ವರದಿಗಾರರು ಎನ್ನುತ್ತೇವೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ಆ ಬೀಟಿನ ವರದಿಗಾರ ಅವುಗಳಲ್ಲಿ ಬಹುಪಾಲಿಗೆ ತಂಡದ ಹಿಂದೆಯೇ ಊರೂರು ಅಲೆದು, ಪಂದ್ಯಕ್ಕೆ ಮುಂಚೆ ಆಟಗಾರರ ಕೋಣೆಯಲ್ಲಿ ನಿಂತು ಕಾಯುತ್ತಾನೆ. ಎಷ್ಟೋ ದಿನ ಬರೆಯುವಂಥದ್ದು ಏನೂ ಸಿಗುವುದಿಲ್ಲ. ಆದರೆ ಹಾಗೆ ಬರಿಗೈಯಲ್ಲಿ ಕಾದ ದಿನಗಳಲ್ಲೇ ಆಟಗಾರರಿಗೆ ಅವನ ಮುಖ ಪರಿಚಯವಾಗುತ್ತದೆ, ನಂಬಿಕೆ ಹುಟ್ಟುತ್ತದೆ.

ಅದರ ಫಲ ಹೇಗಿರುತ್ತದೆ ಎಂಬುದಕ್ಕೆ 2019ರ ನವೆಂಬರ್ 12ರಂದು ದಿ ಅಥ್ಲೆಟಿಕ್ ಪ್ರಕಟಿಸಿದ ವರದಿಯನ್ನೇ ನೋಡಬಹುದು. ವಿಶ್ವ ಸರಣಿ ಗೆದ್ದ 2017ರ ಋತುವಿನಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಯಾವ ಎಸೆತ ಹಾಕಬೇಕೆಂದು ಎಸೆಯುವವನಿಗೆ (ಪಿಚರ್‌ಗೆ) ಸೂಚಿಸುವ ಎದುರಾಳಿ ಕ್ಯಾಚರ್‌ನ ಬೆರಳ ಸನ್ನೆಗಳನ್ನು ಸೆಂಟರ್ ಫೀಲ್ಡ್‌ನ ಕ್ಯಾಮೆರಾದಲ್ಲಿ ಹಿಡಿದು, ಡಗ್‌ಔಟ್ ಹಿಂದಿನ ಓಣಿಯಲ್ಲಿಟ್ಟ ಪರದೆಯಲ್ಲಿ ಓದಿಕೊಂಡು, ನಿಧಾನದ ಎಸೆತ ಬರುವುದಿದ್ದರೆ ಕಸದ ಡಬ್ಬಿಯನ್ನು ಬಡಿದು ತನ್ನ ಬ್ಯಾಟರ್‌ಗೆ ತಿಳಿಸುತ್ತಿತ್ತು. ಪಂದ್ಯಗಳು ಟಿವಿಯಲ್ಲಿ ಪ್ರಸಾರವಾಗಿದ್ದವು, ಆ ಡಬ್ಬಿಯ ಸದ್ದು ಪ್ರಸಾರದಲ್ಲೂ ಕೇಳಿಸಿತ್ತು. ಆದರೂ ಅದು ಏನೆಂದು ಲಕ್ಷಾಂತರ ವೀಕ್ಷಕರಿಗೆ ಗೊತ್ತಾಗಲಿಲ್ಲ. ಆ ತಂಡದಲ್ಲಿದ್ದ ಪಿಚರ್ ಮೈಕ್ ಫೈರ್ಸ್ ತಮ್ಮ ಹೆಸರಿನಲ್ಲೇ ಮಾತನಾಡಿದರು. ವರದಿ ಬರೆದ ಇಬ್ಬರಲ್ಲಿ ಒಬ್ಬರಾದ ಇವಾನ್ ಡ್ರೆಲಿಚ್ ಹಿಂದೆ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆಗಾಗಿ ಇದೇ ತಂಡದ ಬೀಟ್ ಮಾಡಿದ್ದವರು, ಇನ್ನೊಬ್ಬರಾದ ಕೆನ್ ರೋಸೆಂಥಾಲ್ ದಶಕಗಳಿಂದ ಬೇಸ್‌ಬಾಲ್ ವರದಿ ಮಾಡುತ್ತಿರುವವರು. ಎರಡೇ ತಿಂಗಳಲ್ಲಿ ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು. ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಇಬ್ಬರೂ ಕೆಲಸ ಕಳೆದುಕೊಂಡರು.

2021ರ ಸೆಪ್ಟೆಂಬರ್ 30ರಂದು ಮೆಗ್ ಲೈನ್‌ಹ್ಯಾನ್ ಬರೆದ ವರದಿ ಇನ್ನೂ ಗಂಭೀರವಾದದ್ದು. ಅಮೆರಿಕದ ಮಹಿಳಾ ಫುಟ್‌ಬಾಲ್ ಲೀಗಿನ ಕೋಚ್ ಒಬ್ಬರ ವಿರುದ್ಧ ಆಟಗಾರ್ತಿಯರು ಮಾಡಿದ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಅದು ಹೊರತಂದಿತು. ಲೀಗಿನ ಕಮಿಷನರ್ ಮರುದಿನವೇ ರಾಜೀನಾಮೆ ಕೊಟ್ಟರು, ಆ ವಾರಾಂತ್ಯದ ಪಂದ್ಯಗಳು ನಿಂತವು. ಆಗ ಆ ಲೀಗಿನ ಬಗ್ಗೆ ಪ್ರತಿದಿನ ಬರೆಯುವವರು ಬೆರಳೆಣಿಕೆಯಷ್ಟು ಜನರಿದ್ದರು ಎಂಬುದನ್ನು ಮರೆಯಬಾರದು.

ಒಟ್ಟು ಎಷ್ಟು ಜನರನ್ನು ತೆಗೆದರು? ಒಂದೊಂದು ಸಲ ಒಂದೊಂದು ಸಂಖ್ಯೆ ಕೇಳುತ್ತೇವೆ.

ಬೇರೆ ಬೇರೆ ಸಂಸ್ಥೆಗಳ ಸುದ್ದಿ ಒಂದರ ಮೇಲೊಂದು ಬಂದದ್ದರಿಂದ ಗೊಂದಲವಾಗಿದೆ. ಕೋವಿಡ್‌ನಿಂದ ಆಟಗಳೆಲ್ಲ ನಿಂತಾಗ, 2020ರ ಜೂನ್‌ನಲ್ಲಿ, ದಿ ಅಥ್ಲೆಟಿಕ್ 46 ಮಂದಿಯನ್ನು ತೆಗೆಯಿತು. ಅದು ಒಟ್ಟು ಸಿಬ್ಬಂದಿಯಲ್ಲಿ ಸುಮಾರು ಶೇ 8. ನ್ಯೂಯಾರ್ಕ್ ಟೈಮ್ಸ್ ಕೈಸೇರಿದ ಮೇಲೆ, 2023ರ ಜೂನ್‌ನಲ್ಲಿ, ಸುಮಾರು 20 ವರದಿಗಾರರು ಕೆಲಸ ಕಳೆದುಕೊಂಡರು, ಇನ್ನೂ 20ಕ್ಕೂ ಹೆಚ್ಚು ಮಂದಿಯ ಬೀಟ್ ಬದಲಾಯಿತು. ಮರುತಿಂಗಳೇ ಟೈಮ್ಸ್ 35ಕ್ಕೂ ಹೆಚ್ಚು ಜನರಿದ್ದ ತನ್ನ ಸ್ವಂತ ಕ್ರೀಡಾ ವಿಭಾಗವನ್ನು ವಿಸರ್ಜಿಸಿ, ಅವರನ್ನು ಬೇರೆ ವಿಭಾಗಗಳಿಗೆ ಹಂಚಿತು. 2024ರ ಜನವರಿಯಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಸಿಬ್ಬಂದಿಯ ಬಹುಪಾಲು ಜನರಿಗೆ ನೋಟಿಸ್ ಹೋಯಿತು. ಅದೇ ತಿಂಗಳು ಲಾಸ್ ಏಂಜಲೀಸ್ ಟೈಮ್ಸ್ ಎಲ್ಲ ವಿಭಾಗಗಳಿಂದ ಕನಿಷ್ಠ 115 ಜನರನ್ನು ತೆಗೆಯಿತು. 2026ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ತನ್ನ ಸಿಬ್ಬಂದಿಯ ಸುಮಾರು ಮೂರನೇ ಒಂದು ಭಾಗವನ್ನು ಕೈಬಿಟ್ಟಾಗ ಕ್ರೀಡಾ ವಿಭಾಗಕ್ಕೂ ಬೀಗ ಬಿತ್ತು. ಅಂಕಣಕಾರ ಶೆರ್ಲಿ ಪೊವಿಚ್ 1998ರಲ್ಲಿ ತೀರಿಕೊಳ್ಳುವವರೆಗೂ, ಎಪ್ಪತ್ತಕ್ಕೂ ಹೆಚ್ಚು ವರ್ಷ ಬರೆದ ಪುಟಗಳವು. ಆ ಸುದ್ದಿ ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸು ಬರಲಿಲ್ಲ.

## ಹಣದ ಲೆಕ್ಕ

ಹತ್ತು ಲಕ್ಷ ಚಂದಾದಾರರಿದ್ದೂ ನಷ್ಟ ಹೇಗಾಗುತ್ತದೆ ಸ್ವಾಮಿ?

ಲೆಕ್ಕದ ಅನುಕೂಲಕ್ಕೆ ಒಬ್ಬ ಬೀಟ್ ವರದಿಗಾರನ ಸಂಬಳ, ವಿಮೆ, ವಿಮಾನ, ಹೋಟೆಲು ಎಲ್ಲ ಸೇರಿ ವರ್ಷಕ್ಕೆ 1,50,000 ಡಾಲರ್ ಎಂದು ಇಟ್ಟುಕೊಳ್ಳೋಣ. 60 ಡಾಲರಿನ ಪೂರ್ತಿ ಚಂದಾ ಕಟ್ಟುವ 2,500 ಜನ ಸಿಕ್ಕರೆ ಅವನ ಖರ್ಚು ಹೊರಡುತ್ತದೆ. ಆದರೆ ಹೊಸಬರನ್ನು ಸೆಳೆಯಲು ತಿಂಗಳಿಗೆ ಒಂದು ಡಾಲರ್ ಎಂಬ ರಿಯಾಯಿತಿ ಕೊಟ್ಟರೆ ಅದೇ ಖರ್ಚಿಗೆ 12,500 ಜನ ಬೇಕಾಗುತ್ತಾರೆ. ಸಂಪಾದಕರು, ತಂತ್ರಜ್ಞರು, ಪ್ರಚಾರದ ವೆಚ್ಚ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ದೊಡ್ಡ ನಗರದ ಪ್ರಖ್ಯಾತ ತಂಡಕ್ಕೆ ಅಷ್ಟು ಜನ ಸಿಗಬಹುದು. ಸಣ್ಣ ಊರಿನ, ಸೋಲುತ್ತಲೇ ಇರುವ ಹಾಕಿ ತಂಡಕ್ಕೆ ಎಲ್ಲಿಂದ ತರುವುದು? ಜೊತೆಗೆ, ತಂಡ ಸೋತು ಹೊರಬಿದ್ದ ವಾರವೇ ಚಂದಾ ನಿಲ್ಲಿಸುವವರೂ ಇರುತ್ತಾರೆ.

ದಿ ಅಥ್ಲೆಟಿಕ್ ಆರಂಭದಲ್ಲಿ ಈ ಲೆಕ್ಕವನ್ನು ಹೂಡಿಕೆದಾರರ ಹಣದಿಂದ ಮುಂದೂಡಿತು. 2020ರ ಜನವರಿ ಹೊತ್ತಿಗೆ ಅದು ಎತ್ತಿದ ಬಂಡವಾಳ ಸುಮಾರು 14 ಕೋಟಿ ಡಾಲರ್. ಆ ವರ್ಷ ಅದರ ಆದಾಯ ಸುಮಾರು 4.7 ಕೋಟಿ ಡಾಲರ್, ನಷ್ಟ ಸುಮಾರು 4.1 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಹೂಡಿಕೆದಾರರಿಗೆ ಬೇಕಿದ್ದದ್ದು ವೇಗದ ಬೆಳವಣಿಗೆ. ಹಾಗಾಗಿ ಒಂದು ನಗರದಲ್ಲಿ ಕಾಲೂರುವ ಮೊದಲೇ ಇನ್ನೊಂದು ನಗರ, 2019ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್, ಹೀಗೆ ವಿಸ್ತರಿಸುತ್ತ ಹೋದರು. ಮೂಲ ಆಲೋಚನೆ ತಪ್ಪಲ್ಲ, ಆತುರ ತಪ್ಪು ಎಂದೇ ನನ್ನ ಅಭಿಪ್ರಾಯ. ಐದಾರು ನಗರಗಳಲ್ಲಿ ನಿಧಾನವಾಗಿ ಬೆಳೆದಿದ್ದರೆ ಅದು ಇಷ್ಟು ದೊಡ್ಡದಾಗುತ್ತಿರಲಿಲ್ಲ, ಆದರೆ ಕೆಲಸಕ್ಕೆ ಕರೆದವರನ್ನು ಹೀಗೆ ಬೀದಿಗೆ ಬಿಡುವ ಪ್ರಮೇಯವೂ ಬಹುಶಃ ಬರುತ್ತಿರಲಿಲ್ಲ.

ಅಲ್ಲಿಗೆ ಸೇರಿದವರೆಲ್ಲ ಊರ ಪತ್ರಿಕೆಗಳನ್ನು ಬಿಟ್ಟು ಹೋದವರಲ್ಲವೇ? ಈಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬಂತಾಗಿದೆಯೇ?

ನೋವಿನ ಸಂಗತಿಯೆಂದರೆ ಬಹುಮಟ್ಟಿಗೆ ಹೌದು. ಊರೂರಿನ ಪತ್ರಿಕೆಗಳು ರಕ್ತ ಸೋರಿ ಸೋರಿ ನಿಲ್ಲುವವರೆಗೂ ಕಾಯುತ್ತೇವೆ, ಕೊನೆಗೆ ಉಳಿಯುವವರು ನಾವೇ ಎಂಬರ್ಥದ ಮಾತನ್ನು ಅಲೆಕ್ಸ್ ಮ್ಯಾಥರ್ 2017ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ್ದರು. ಹೆಚ್ಚಿನ ಸಂಬಳ ಕೊಟ್ಟು ಪತ್ರಿಕೆಗಳ ಅತ್ಯುತ್ತಮ ಬರಹಗಾರರನ್ನು ಕರೆದುಕೊಂಡರು. ಅವರು ಬಿಟ್ಟು ಬಂದ ಕುರ್ಚಿಗಳಲ್ಲಿ ಎಷ್ಟೋ ಖಾಲಿಯೇ ಉಳಿದವು, ಯಾಕೆಂದರೆ ಆ ಪತ್ರಿಕೆಗಳೂ ಖರ್ಚು ಕಡಿಮೆ ಮಾಡುವ ನೆಪ ಹುಡುಕುತ್ತಿದ್ದವು. 2023ರಲ್ಲಿ ಪ್ರತಿ ತಂಡಕ್ಕೂ ಒಬ್ಬ ವರದಿಗಾರ ಎಂಬ ನಿಯಮವನ್ನು ದಿ ಅಥ್ಲೆಟಿಕ್ ಕೈಬಿಟ್ಟಾಗ ಕೆಲವು ತಂಡಗಳ ಓದುಗರಿಗೆ ಎರಡೂ ಕಡೆ ಬಾಗಿಲು ಮುಚ್ಚಿದಂತಾಯಿತು. ಊರ ಪತ್ರಿಕೆಯೊಂದು ಏನು ಮಾಡಬಲ್ಲದು ಎಂಬುದಕ್ಕೆ 2016ರ ಇಂಡಿಯಾನಾಪೊಲಿಸ್ ಸ್ಟಾರ್ ಸಾಕ್ಷಿ: ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ನ ದುಷ್ಕೃತ್ಯ ಬೆಳಕಿಗೆ ಬಂದದ್ದು ಆ ಪತ್ರಿಕೆಯ ತನಿಖೆಯಿಂದ.

ನ್ಯೂಯಾರ್ಕ್ ಟೈಮ್ಸ್ ದಿ ಅಥ್ಲೆಟಿಕ್ ಅನ್ನು 55 ಕೋಟಿ ಡಾಲರ್ ಕೊಟ್ಟು ಕೊಂಡು, ತನ್ನದೇ ಕ್ರೀಡಾ ವಿಭಾಗವನ್ನು ಯಾಕೆ ಮುಚ್ಚಿತು?

ಒಂದೇ ಮನೆಯಲ್ಲಿ ಎರಡು ಅಡುಗೆಮನೆ ಏಕೆ ಎಂಬ ಲೆಕ್ಕ ಅದು. ಒಪ್ಪಂದ ಮುಗಿದದ್ದು 2022ರ ಫೆಬ್ರುವರಿಯಲ್ಲಿ. ಆಗ ದಿ ಅಥ್ಲೆಟಿಕ್‌ಗೆ 12 ಲಕ್ಷದಷ್ಟು ಚಂದಾದಾರರು, ಸುಮಾರು 400 ಜನರ ಸುದ್ದಿಮನೆ. ಟೈಮ್ಸ್‌ನ ಕ್ರೀಡಾ ವಿಭಾಗ ಅಷ್ಟರಲ್ಲಾಗಲೇ ನಗರದ ತಂಡಗಳ ದೈನಂದಿನ ವರದಿಯನ್ನು ಬಹಳ ಕಡಿಮೆ ಮಾಡಿ, ತನಿಖೆ ಮತ್ತು ದೀರ್ಘ ಬರಹಗಳತ್ತ ಹೊರಳಿತ್ತು. ಅಮೆರಿಕನ್ ಫುಟ್‌ಬಾಲ್ ಆಟಗಾರರ ಮಿದುಳಿಗೆ ಆಗುವ ಪೆಟ್ಟಿನ ಬಗ್ಗೆ ಅಲನ್ ಷ್ವಾರ್ಜ್ 2007ರಿಂದ ಬರೆದ ವರದಿಗಳು ಆ ವಿಭಾಗದ್ದೇ ಕೊಡುಗೆ. ಟೈಮ್ಸ್‌ನ ಪತ್ರಕರ್ತರು ನೌಕರರ ಸಂಘಕ್ಕೆ ಸೇರಿದವರು, ದಿ ಅಥ್ಲೆಟಿಕ್‌ನವರು ಆಗ ಸೇರಿರಲಿಲ್ಲ. ಸಂಘದ ಕೆಲಸವನ್ನು ಸಂಘವಿಲ್ಲದ ಕಡೆಗೆ ದಾಟಿಸುತ್ತಿದ್ದಾರೆ ಎಂದು ಸಂಘ ಪ್ರತಿಭಟಿಸಿತು. ಆ ಆಕ್ಷೇಪ ನ್ಯಾಯವಾದದ್ದು ಎಂದೇ ನಾನು ಭಾವಿಸುತ್ತೇನೆ.

ದಿ ಅಥ್ಲೆಟಿಕ್ ಈಗ ಲಾಭಕ್ಕೆ ಬಂದಿದೆಯಂತೆ. ಇನ್ನು ಚಿಂತೆ ಇಲ್ಲವಲ್ಲ?

2024ರ ಮೂರನೇ ತ್ರೈಮಾಸಿಕದಲ್ಲಿ, ಟೈಮ್ಸ್ ಕೈಸೇರಿದ ಮೇಲೆ ಮೊದಲ ಬಾರಿಗೆ, 26 ಲಕ್ಷ ಡಾಲರ್ ಕಾರ್ಯಾಚರಣೆ ಲಾಭ ಬಂತು. ಸಂತೋಷದ ಸುದ್ದಿಯೇ. ಆದರೆ ಆ ಲಾಭದ ಹಿಂದೆ ಎರಡು ಬದಲಾವಣೆಗಳಿವೆ. 2022ರ ಸೆಪ್ಟೆಂಬರ್‌ನಿಂದ ಜಾಹೀರಾತು ಬಂತು. ಸುದ್ದಿ, ಅಡುಗೆ, ಪದಬಂಧದಂಥ ಮೊಬೈಲ್ ಆಟ ಎಲ್ಲ ಒಟ್ಟಿಗೆ ಸಿಗುವ ಟೈಮ್ಸ್ ಚಂದಾಕ್ಕೆ ಕ್ರೀಡೆಯೂ ಸೇರಿತು. ಹಾಗೆ ಸೇರಿದ ಮೇಲೆ ದಿ ಅಥ್ಲೆಟಿಕ್ ಓದಬಲ್ಲವರ ಸಂಖ್ಯೆ 30 ಲಕ್ಷ ದಾಟಿತು. ಆದರೆ ಅವರಲ್ಲಿ ಯಾರು ಕ್ರೀಡೆಗಾಗಿ ಬಂದರು, ಯಾರು ಪದಬಂಧಕ್ಕಾಗಿ ಬಂದರು ಎಂದು ಬಿಡಿಸಿ ಹೇಳುವುದು ಕಷ್ಟ. ಒಟ್ಟು ಕುಟುಂಬದಲ್ಲಿ ಒಬ್ಬನ ದುಡಿಮೆ ಎಷ್ಟೆಂದು ಗೊತ್ತಾಗದಿದ್ದರೆ, ಕಷ್ಟಕಾಲದಲ್ಲಿ ಮೊದಲು ಅವನ ಖರ್ಚಿನ ಮೇಲೆಯೇ ಕಣ್ಣು ಬೀಳಬಹುದು. ಕ್ರೀಡೆಗೆ ಈಗ ಆಸರೆ ಸಿಕ್ಕಿದೆ ಎಂಬುದು ನಿಜ. ಅದು ತನ್ನ ಕಾಲ ಮೇಲೆ ನಿಂತಿದೆ ಎಂದು ಹೇಳಲಾರೆ.

ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್‌ಗೆ ಆದದ್ದೂ ಇದೇ ತಾನೆ?

ಅಲ್ಲ, ಅದು ಹೆಸರು ಮಾರಾಟಕ್ಕೆ ಬಿದ್ದ ಕಥೆ. 1954ರಲ್ಲಿ ಶುರುವಾದ ಆ ಪತ್ರಿಕೆಯನ್ನು 2019ರಲ್ಲಿ ಆಥೆಂಟಿಕ್ ಬ್ರ್ಯಾಂಡ್ಸ್ ಗ್ರೂಪ್ 11 ಕೋಟಿ ಡಾಲರಿಗೆ ಕೊಂಡು, ಪತ್ರಿಕೆ ನಡೆಸುವ ಹಕ್ಕನ್ನು ಮತ್ತೊಂದು ಕಂಪನಿಗೆ ಪರವಾನಗಿಯ ಮೇಲೆ ಕೊಟ್ಟಿತು. ಆ ಕಂಪನಿ 2024ರ ಜನವರಿಯಲ್ಲಿ 37.5 ಲಕ್ಷ ಡಾಲರಿನ ಕಂತು ಕಟ್ಟಲಿಲ್ಲ, ಪರವಾನಗಿ ರದ್ದಾಯಿತು, ಪತ್ರಕರ್ತರು ನಡುನೀರಿನಲ್ಲಿ ಉಳಿದರು. ಮಾರ್ಚ್‌ನಲ್ಲಿ ಮಿನಿಟ್ ಮೀಡಿಯಾ ಎಂಬ ಸಂಸ್ಥೆ ಅದನ್ನು ವಹಿಸಿಕೊಂಡಿತು.

## ಮುಂದಿನ ದಾರಿ

ಪತ್ರಕರ್ತರೇ ಸೇರಿಕೊಂಡು ನಡೆಸಿದರೆ ಆಗುವುದಿಲ್ಲವೇ, ನಮ್ಮ ಸಹಕಾರ ಸಂಘಗಳ ಹಾಗೆ?

ಒಂದು ಒಳ್ಳೆಯ ಉದಾಹರಣೆ ಇದೆ. ಕ್ರೀಡೆಗೆ ಮಾತ್ರ ಅಂಟಿಕೊಂಡು ಬರೆಯಿರಿ ಎಂಬ ಆಡಳಿತದ ಆದೇಶಕ್ಕೆ ಬಗ್ಗದೆ, ಸಂಪಾದಕರೊಬ್ಬರನ್ನು ವಜಾ ಮಾಡಿದ್ದನ್ನು ಪ್ರತಿಭಟಿಸಿ, ಡೆಡ್‌ಸ್ಪಿನ್ ಎಂಬ ಕ್ರೀಡಾ ಜಾಲತಾಣದ ಸಿಬ್ಬಂದಿ 2019ರ ಕೊನೆಯಲ್ಲಿ ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಅವರಲ್ಲಿ ಹಲವರು 2020ರಲ್ಲಿ 'ಡಿಫೆಕ್ಟರ್' ಎಂಬ ತಮ್ಮದೇ ತಾಣ ಕಟ್ಟಿದರು. ಬರೆಯುವವರೇ ಅದರ ಮಾಲೀಕರು. ಮೊದಲ ವರ್ಷದ ಆದಾಯ ಸುಮಾರು 32 ಲಕ್ಷ ಡಾಲರ್, ಬಹುಪಾಲು ಚಂದಾದಿಂದಲೇ ಬಂದದ್ದು. ಹೂಡಿಕೆದಾರರಿಗೆ ಲಾಭ ಒಪ್ಪಿಸುವ ಭಾರವಿಲ್ಲದ್ದರಿಂದ ಎರಡು ಡಜನ್‌ನಷ್ಟು ಜನರ ಮನೆ ಅದರಿಂದ ನಡೆಯುತ್ತದೆ. ಆದರೆ ಇಲ್ಲಿ ಸಿಗುವುದು ಮುಖ್ಯವಾಗಿ ವಿಶ್ಲೇಷಣೆ, ಅಭಿಪ್ರಾಯ, ಒಳ್ಳೆಯ ಗದ್ಯ. ಮೂವತ್ತು ತಂಡಗಳ ಹಿಂದೆ ಮೂವತ್ತು ವರದಿಗಾರರನ್ನು ಅಲೆಸುವ ಶಕ್ತಿ ಈ ಗಾತ್ರದ ಸಂಸ್ಥೆಗೆ ಬರುವುದಿಲ್ಲ.

ಬೆಟ್ಟಿಂಗ್ ಕಂಪನಿಗಳ ಜಾಹೀರಾತಿನಿಂದ ಈ ಕೊರತೆ ತುಂಬಬಹುದಲ್ಲ?

ತುಂಬಬಹುದು, ಆದರೆ ಆ ಹಣದ ಮೇಲೆ ನಂಬಿಕೆ ಇಡಬಾರದು. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಮೇನಲ್ಲಿ ರಾಜ್ಯಗಳಿಗೆ ಅನುಮತಿಯ ದಾರಿ ತೆರೆದ ಮೇಲೆ ಬೆಟ್ಟಿಂಗ್ ಕಂಪನಿಗಳು ಕ್ರೀಡಾ ಮಾಧ್ಯಮಕ್ಕೆ ಧಾರಾಳವಾಗಿ ಹಣ ಸುರಿದವು. ಗಾಯದ ಸುದ್ದಿ ಬರೆಯುವವನ ಸಂಬಳ ಅದೇ ಸುದ್ದಿಯ ಮೇಲೆ ಪಣ ಕಟ್ಟಿಸುವವರಿಂದ ಬರುವುದು ನನಗೆ ಸರಿಕಾಣುವುದಿಲ್ಲ. ಇನ್ನೊಂದು ಅಪಾಯವನ್ನು ನಾವೇ ಕಣ್ಣಾರೆ ಕಂಡಿದ್ದೇವೆ: ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂತು, ಡ್ರೀಮ್11 ಭಾರತ ತಂಡದ ಪ್ರಾಯೋಜಕತ್ವದಿಂದಲೇ ಹಿಂದೆ ಸರಿಯಿತು.

ಪಂದ್ಯದ ವರದಿಯನ್ನು ಎಐ ಬರೆಯುತ್ತದೆ. ಇನ್ನು ವರದಿಗಾರ ಯಾಕೆ?

ಅಂಕಿಅಂಶಗಳಿಂದ ನಾಲ್ಕು ಪ್ಯಾರಾ ಹೊಸೆಯುವ ಕೆಲಸವನ್ನು ಯಂತ್ರ ಮಾಡಲು ಶುರುಮಾಡಿ ಬಹಳ ಕಾಲವಾಯಿತು. ಅಸೋಸಿಯೇಟೆಡ್ ಪ್ರೆಸ್ 2016ರಲ್ಲೇ ಮೈನರ್ ಲೀಗ್ ಬೇಸ್‌ಬಾಲ್ ವರದಿಗಳನ್ನು ಹಾಗೆ ಕೊಡತೊಡಗಿತು. ಅದರಿಂದ ಯಾರಿಗೂ ಮೋಸವಾಗಲಿಲ್ಲ. ಮೋಸವಾಗುವುದು ಇಲ್ಲದ ಮನುಷ್ಯನ ಹೆಸರು, ಫೋಟೋ ಹಾಕಿ ಓದುಗನನ್ನು ನಂಬಿಸಿದಾಗ. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್‌ನ ಜಾಲತಾಣದಲ್ಲಿ ಅಂಥ ಲೇಖಕರ ಹೆಸರುಗಳಿದ್ದುದು 2023ರ ನವೆಂಬರ್‌ನಲ್ಲಿ ಬಯಲಾಯಿತು. ಕಸದ ಡಬ್ಬಿಯ ಸದ್ದಿನ ಅರ್ಥವನ್ನು ಯಂತ್ರಕ್ಕೆ ಯಾವ ಆಟಗಾರನೂ ಫೋನ್ ಮಾಡಿ ಹೇಳುವುದಿಲ್ಲ.

ಇದೆಲ್ಲ ಅಮೆರಿಕದ ಮಾತಾಯಿತು. ನಮ್ಮ ಕಡೆ ಏನು ಪರಿಸ್ಥಿತಿ?

ನಮ್ಮಲ್ಲಿ ಆಟದ ಸುದ್ದಿ ಎಂದೂ ಪ್ರಧಾನವಾಗಿ ಚಂದಾದ ಮೇಲೆ ನಿಂತಿರಲಿಲ್ಲ. ಪತ್ರಿಕೆಯ ಮುಖಬೆಲೆ ಕಡಿಮೆ, ಹೊರೆ ಹೊರುವುದು ಜಾಹೀರಾತು. ಬೆಂಗಳೂರಿನಿಂದ ನಡೆಯುವ ಕ್ರಿಕ್‌ಬಝ್ ಕೂಡ ಸ್ಕೋರನ್ನು ಪುಕ್ಕಟೆ ಕೊಟ್ಟು ಜಾಹೀರಾತಿನಿಂದ ಬೆಳೆದು, ಆಮೇಲೆ ಹಣ ಕೊಡುವವರಿಗೆ ಬೇರೆ ಸದಸ್ಯತ್ವ ತೆರೆಯಿತು. ಹಿಂದಿಯ ಕ್ರಿಕೆಟ್ ಸಾಮ್ರಾಟ್ ಮಾಸಿಕ ನಾಲ್ಕು ದಶಕ ನಡೆದು 2020ರಲ್ಲಿ ನಿಂತಿತು. 1978ರಲ್ಲಿ ಶುರುವಾದ ಸ್ಪೋರ್ಟ್‌ಸ್ಟಾರ್ ಉಳಿದಿದೆ, ಅದರ ಬೆನ್ನಿಗೆ ದಿ ಹಿಂದೂ ಬಳಗವಿದೆ.

ನಮ್ಮಲ್ಲಿ ಕಡಿತ ಸದ್ದಿಲ್ಲದೆ ಆಗುತ್ತದೆ. ನಾನು ಡೆಸ್ಕಿನಲ್ಲಿದ್ದಾಗ ಹುಬ್ಬಳ್ಳಿಗೆ ರಣಜಿ ಪಂದ್ಯಕ್ಕೆ ಹೋಗಿದ್ದ ನಮ್ಮ ವರದಿಗಾರರು ಒಂದು ಸಂಜೆ ಫೋನ್ ಮಾಡಿ, ಎಡಗೈ ಸ್ಪಿನ್ನರ್ ಊಟದ ವಿರಾಮದ ನಂತರ ಒಂದು ಓವರ್ ಕೂಡ ಹಾಕಿಲ್ಲ, ತೋರುಬೆರಳಿಗೆ ಬಿಳಿ ಟೇಪು ಸುತ್ತಿಕೊಂಡು ಬೌಂಡರಿ ಹಗ್ಗದ ಪಕ್ಕ ಕೂತಿದ್ದಾನೆ ಎಂದರು. ಸ್ಕೋರ್‌ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಮರುದಿನ ಕರ್ನಾಟಕದ ಬೌಲಿಂಗ್ ಸಪ್ಪೆಯಾದದ್ದಕ್ಕೆ ಕಾರಣ ಅದೇ ಆಗಿತ್ತು. ಕೆಲವು ವರ್ಷಗಳ ನಂತರ ಪ್ರವಾಸದ ಖರ್ಚು ನಿಂತಿತು, ಸುದ್ದಿಸಂಸ್ಥೆಯ ಪ್ರತಿ ಮತ್ತು ಆ್ಯಪ್‌ನ ಸ್ಕೋರಿನಿಂದಲೇ ಪುಟ ಕಟ್ಟುವುದು ರೂಢಿಯಾಯಿತು. ಯಾರನ್ನೂ ತೆಗೆಯಲಿಲ್ಲ. ನಿವೃತ್ತರಾದವರ ಜಾಗಕ್ಕೆ ಬೇರೆಯವರು ಬರಲಿಲ್ಲ, ಅಷ್ಟೇ. ಕ್ರಿಕೆಟ್ಟಿಗೇ ಈ ಗತಿಯಾದರೆ ರಾಜ್ಯ ಮಟ್ಟದ ಕೊಕ್ಕೊ, ವಾಲಿಬಾಲ್, ಅಥ್ಲೆಟಿಕ್ಸ್ ಕೂಟಗಳಿಗೆ ಯಾರು ಹೋಗುತ್ತಾರೆ?

ಮಗಳು ಕ್ರೀಡಾ ವರದಿಗಾರ್ತಿ ಆಗಬೇಕೆನ್ನುತ್ತಾಳೆ. ಬೇಡ ಎನ್ನಲೇ?

ಬೇಡ ಎನ್ನಬೇಡಿ, ಕಣ್ಣು ತೆರೆದುಕೊಂಡು ಹೋಗಲು ಹೇಳಿ. ಒಂದೇ ಸಂಸ್ಥೆಯಲ್ಲಿ ನಿವೃತ್ತಿಯವರೆಗೆ ಇರುವ ಕಾಲ ಮುಗಿದಿದೆ. ಆಟದ ಜೊತೆಗೆ ಕ್ರೀಡಾ ಸಂಸ್ಥೆಗಳ ಬ್ಯಾಲೆನ್ಸ್ ಶೀಟ್ ಓದುವುದು, ಮಾಹಿತಿ ಹಕ್ಕಿನ ಅರ್ಜಿ ಹಾಕುವುದು, ಕ್ರೀಡಾ ಗಾಯಗಳ ವೈದ್ಯಕೀಯ ಇವುಗಳಲ್ಲಿ ಒಂದನ್ನಾದರೂ ಗಟ್ಟಿಯಾಗಿ ಕಲಿತಿದ್ದರೆ ಕ್ರೀಡಾ ಡೆಸ್ಕ್ ಮುಚ್ಚಿದ ದಿನವೂ ಬೇರೆ ಡೆಸ್ಕಿಗೆ ಅವಳು ಬೇಕಾಗುತ್ತಾಳೆ. ಕೆಲಸ ಬದಲಾದರೂ ಫೋನ್ ನಂಬರುಗಳ ಪುಸ್ತಕ ಅವಳದ್ದೇ ಆಗಿರಲಿ.

ನಾನು ಕಟ್ಟುವ ಚಂದಾ ನನಗೆ ಬೇಕಾದ ವರದಿಗಾರನಿಗೆ ತಲುಪುತ್ತದೆಯೇ?

ನೇರವಾಗಿ ತಲುಪುವುದಿಲ್ಲ, ಎಲ್ಲ ಹಣವೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಆದರೆ ಚಂದಾ ಪಡೆಯುವ ಸಂಸ್ಥೆಗಳು ಯಾವ ಬರಹದ ಪುಟದಿಂದ ಓದುಗ ಚಂದಾದಾರನಾದ, ಆಮೇಲೆ ಯಾವುದನ್ನು ಪೂರ್ತಿ ಓದಿದ ಎಂಬ ಲೆಕ್ಕವನ್ನು ಸಾಮಾನ್ಯವಾಗಿ ಇಟ್ಟಿರುತ್ತವೆ. ಯಾವ ಬೀಟ್ ಉಳಿಸಬೇಕು ಎಂಬ ಸಭೆಯಲ್ಲಿ ಆ ಲೆಕ್ಕ ಮೇಜಿನ ಮೇಲಿರುತ್ತದೆ. ಆದ್ದರಿಂದ ಮುಖಪುಟದ ರಿಯಾಯಿತಿ ಗುಂಡಿ ಒತ್ತುವ ಬದಲು, ನಿಮಗೆ ಹಿಡಿಸಿದ ವರದಿಗಾರರ ಬರಹವನ್ನು ತೆರೆದು ಅಲ್ಲಿಂದಲೇ ಚಂದಾದಾರರಾಗಿ. ಋತು ಮುಗಿದ ತಕ್ಷಣ ನಿಲ್ಲಿಸದೆ ಇರಲು ಸಾಧ್ಯವಾದರೆ ಇರಿ, ಯಾಕೆಂದರೆ ಪಂದ್ಯಗಳಿಲ್ಲದ ತಿಂಗಳುಗಳಲ್ಲೇ ದೊಡ್ಡ ತನಿಖಾ ವರದಿಗಳಿಗೆ ವರದಿಗಾರರಿಗೆ ಸಮಯ ಸಿಗುತ್ತದೆ. ನಿಲ್ಲಿಸಲೇಬೇಕಾಗಿ ಬಂದರೆ ಕಾರಣ ಕೇಳುವ ಚೌಕ ಬರುತ್ತದೆ. ಅದನ್ನು ಖಾಲಿ ಬಿಡದೆ, ನಿಮ್ಮ ತಂಡದ ಬಗ್ಗೆ ಬರೆಯುತ್ತಿದ್ದವರನ್ನು ತೆಗೆದದ್ದೇ ಕಾರಣವಾಗಿದ್ದರೆ, ಆ ತಂಡದ ಹೆಸರನ್ನೂ ವರದಿಗಾರರ ಹೆಸರನ್ನೂ ಅಲ್ಲಿ ಬರೆಯಿರಿ.